ಮನೆ ಖಾಲಿ ಇದೆ, ದೇವರು ಬರಲಿಲ್ಲ

ನನ್ನ ತಂಗಿಯ ಮಗನಿಗೆ ಹೊಸಪೇಟೆಗೆ ವರ್ಗವಾಯಿತು. ಆದೇಶ ಕೈಗೆ ಬಂದ ಸಂಜೆಯೇ ನನಗೆ ಫೋನು. ಹತ್ತು ವರ್ಷದಲ್ಲಿ ಅವನು ಮಾಡಿದ ಮೂರನೆಯ ಫೋನು ಅದು. ಮೊದಲನೆಯದು ಮದುವೆಗೆ ಕರೆಯಲು, ಎರಡನೆಯದು ಹಂಪಿ ಉತ್ಸವದ ವಿಐಪಿ ಪಾಸು ಸಿಕ್ಕೀತೇ ಎಂದು ಕೇಳಲು. ಮೂರನೆಯದರಲ್ಲಿ ದನಿ ಕೊಂಚ ಒದ್ದೆಯಾಗಿತ್ತು.

"ಮಾವಾ, ಅಲ್ಲಿ ಎಲ್ಲಿ ಮನೆ ಮಾಡಿದ್ರೆ ಒಳ್ಳೇದು?"

"ನಮ್ಮ ಓಣಿಯಲ್ಲೇ ಎರಡು ಮನೆ ಖಾಲಿ ಇದಾವೆ. ಬಂದುಬಿಡು," ಎಂದೆ.

ಆ ಕಡೆ ಮೌನ. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಬಾಡಿಗೆ ಕಟ್ಟಿದವನಿಗೆ ಕೇಳಿದ ಕೂಡಲೇ ಮನೆ ಸಿಕ್ಕಿತೆಂದರೆ ಅದರಲ್ಲೇನೋ ಮೋಸ ಕಾಣುತ್ತದೆ. "ಹಾಗಲ್ಲ ಮಾವಾ, ಸ್ವಲ್ಪ ಸ್ಟಡಿ ಮಾಡ್ಬೇಕು," ಅಂದ. ಮೂರನೆಯ ದಿನ ವಾಟ್ಸಾಪಿಗೆ ಎಕ್ಸೆಲ್ ಶೀಟು ಬಂತು. ಅಡ್ಡಕ್ಕೆ ನಾಲ್ಕು ಊರು: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ. ಉದ್ದಕ್ಕೆ ಹದಿನೇಳು ಸಾಲು: ಗಾಳಿ, ನೀರು, ಶಾಲೆ, ಆಸ್ಪತ್ರೆ, ವಾಕಿಂಗ್, ಪಿಜ್ಜಾ, ಕೊನೆಗೆ 'ವೈಬ್'. ಪ್ರತಿಯೊಂದಕ್ಕೂ ಹತ್ತರಲ್ಲಿ ಅಂಕ ಹಾಕುವ ಕೆಲಸ ನನ್ನದು. ನಲವತ್ತು ವರ್ಷ ಪಾಠ ಹೇಳಿ ಅಂಕ ಹಾಕಿದವನು ನಾನು. ಊರುಗಳಿಗೆ ಹಾಕಿದ್ದು ಇದೇ ಮೊದಲು.

'ವೈಬ್' ಎಂದರೇನು ಎಂದು ಕೇಳಿದೆ. "ಅದು ಫೀಲ್ ಮಾವಾ, ಹೇಳೋಕೆ ಬರಲ್ಲ," ಅಂದ. ಹೇಳಲು ಬಾರದ್ದಕ್ಕೂ ಹತ್ತು ಅಂಕ ಇಟ್ಟಿದ್ದ. ನೀರಿಗೂ ಅಷ್ಟೇ.

ಮೊದಲು ಅವನ ಕಚೇರಿ ಎಲ್ಲಿ ಅನ್ನುವುದನ್ನು ಹೇಳಬೇಕು. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾಯಿತಲ್ಲ, ರಾಜ್ಯದ 31ನೆಯ ಜಿಲ್ಲೆ. ಜಿಲ್ಲೆ ಬಂದ ಮೇಲೆ ಅದಕ್ಕೂ ಮನೆ ಹುಡುಕಬೇಕಾಯಿತು. ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರ್ಕಾರಿ ಕಾರ್ಖಾನೆ ಟಿ.ಬಿ. ಡ್ಯಾಮಿನ ಕಡೆ ಇತ್ತು. ದೇಶದ ಅಣೆಕಟ್ಟೆಗಳಿಗೆ ಗೇಟು ಮಾಡಿ ಕಳಿಸುತ್ತಿದ್ದ ಕಾರ್ಖಾನೆ. ನಷ್ಟವೆಂದು ಅದನ್ನು ಮುಚ್ಚಿದರು. ಆ ಜಾಗಕ್ಕೆ ಜಿಲ್ಲಾಡಳಿತ ಬಂತು. ಗೇಟು ಮಾಡುವವರು ಹೋದರು, ಗೇಟ್‌ಪಾಸ್ ಕೇಳುವವರು ಬಂದರು. 2024ರ ಆಗಸ್ಟ್ 10ರ ರಾತ್ರಿ ಅಲ್ಲೇ ಮಗ್ಗುಲಲ್ಲಿರುವ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದುಕೊಂಡು ಕೊಚ್ಚಿಹೋಯಿತು. ನಿವೃತ್ತ ತಜ್ಞ ಕನ್ಹಯ್ಯ ನಾಯ್ಡು ಅವರನ್ನು ಕರೆಸಿ, ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸುವವರೆಗೂ ನಾವೆಲ್ಲ ಉಸಿರು ಹಿಡಿದು ಕೂತಿದ್ದೆವು. ಗೇಟಿನ ಕಾರ್ಖಾನೆ ಇದ್ದ ನೆಲದಲ್ಲೇ ಆಗ ಫೈಲುಗಳು ಓಡಾಡುತ್ತಿದ್ದವು. ಇದನ್ನು ಅಳಿಯನಿಗೆ ಹೇಳಿದರೆ, "ಆಫೀಸಿಂದ ಡ್ಯಾಂ ವ್ಯೂ ಇದೆಯಾ?" ಅಂತ ಕೇಳಿದ.

ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದಿಳಿದರು. ನಾಷ್ಟಕ್ಕೆ ವಗ್ಗರಣಿ, ಮಿರ್ಚಿ ಹಾಕಿಸಿ ಕೂರಿಸಿದೆ. ಮಿರ್ಚಿ ಕಚ್ಚಿದ ಆಕೆಯ ಕಣ್ಣಲ್ಲಿ ನೀರು ಬಂತು. ನಾನು ಅದನ್ನು ಊರಿನ ಪ್ರೀತಿ ಎಂದು ತಿಳಿದೆ. ಆಮೇಲೆ ಶೀಟಿನಲ್ಲಿ ನೋಡಿದರೆ ಊಟದ ಸಾಲಿನಲ್ಲಿ ಹೊಸಪೇಟೆಯ ಅಂಕ ಆರರಿಂದ ನಾಲ್ಕಕ್ಕೆ ಇಳಿದಿತ್ತು.

ಆಕೆಗೆ ಹಂಪಿಯಲ್ಲಿ ಇರಬೇಕೆಂಬ ಆಸೆ. ಕಿಟಕಿ ತೆಗೆದರೆ ಗೋಪುರ, ಬಾಲ್ಕನಿಯಲ್ಲಿ ಕಾಫಿ, ಕೆಳಗೆ ಹೊಳೆ. "ಹದಿಮೂರೇ ಕಿಲೋಮೀಟರ್ ಅಲ್ವಾ ಮಾವ, ಬೆಂಗಳೂರಲ್ಲಿ ನಾವು ಹಾಲಿಗೆ ಅಷ್ಟು ದೂರ ಹೋಗ್ತೀವಿ." ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಆಕೆಗೆ ಮನೆ ಮಾಡಿಕೊಂಡವರ ಕಥೆ ಹೇಳಿದೆ. ಈ ಸೀಮೆಯಲ್ಲಿ ದೇವರು, ರಾಜರು, ಋಷಿಗಳು ಎಲ್ಲರೂ ವಲಸೆ ಬಂದವರೇ. ಒಬ್ಬೊಬ್ಬರೂ ಜಾಗ ಆರಿಸಿದ ರೀತಿ ಒಂದೊಂದು ತರಹ.

ಸುಗ್ರೀವನನ್ನೇ ತೆಗೆದುಕೊಳ್ಳಿ. ಅವನ ಶೀಟಿನಲ್ಲಿ ಒಂದೇ ಸಾಲು: ಅಣ್ಣ ಬರಲಾಗದ ಜಾಗ ಯಾವುದು? ಮತಂಗ ಮುನಿಯ ಶಾಪದಿಂದ ವಾಲಿ ಕಾಲಿಡಲಾಗದ ಬೆಟ್ಟ ಒಂದೇ ಇತ್ತು, ಅಲ್ಲಿಗೆ ಹೋಗಿ ಕೂತ. ಕಲ್ಲು, ಬಿಸಿಲು, ಗುಹೆ. ಅಣ್ಣ ಮಾತ್ರ ಇಲ್ಲ. ಕೂಡು ಕುಟುಂಬದಲ್ಲಿ ಬೆಳೆದ ಯಾರಾದರೂ ಇದಕ್ಕೆ ಹತ್ತಕ್ಕೆ ಹತ್ತು ಕೊಟ್ಟಾರು. ಮಳೆಗಾಲ ಕಳೆಯಲು ರಾಮ ಮಾಲ್ಯವಂತ ಬೆಟ್ಟದಲ್ಲಿ ನಾಲ್ಕು ತಿಂಗಳು ತಂಗಿದ್ದ. ಅಡ್ವಾನ್ಸ್ ಇಲ್ಲ, ಅಗ್ರಿಮೆಂಟ್ ಇಲ್ಲ, ಅವಧಿ ಮುಗಿದ ಮೇಲೆ ಗೋಡೆಗೆ ಮೊಳೆ ಹೊಡೆದಿದ್ದಕ್ಕೆ ಕಡಿತವಿಲ್ಲ. ಹನುಮಂತನ ಪಾಡು ಮಾತ್ರ ಬೇರೆ. ಹೊಳೆಯಾಚೆಯ ಅಂಜನಾದ್ರಿ ಅವನ ಹುಟ್ಟೂರು ಎಂದು ನಾವು. ಅಲ್ಲ, ತಿರುಮಲದ ಬೆಟ್ಟ ಎಂದು 2021ರಲ್ಲಿ ತಿರುಪತಿಯವರು. ವಾಸಸ್ಥಳ ದೃಢೀಕರಣ ಪತ್ರಕ್ಕಾಗಿ ಚಿರಂಜೀವಿಯೂ ಕಾಯಬೇಕಾದ ಕಾಲ.

ಇನ್ನು ರಾಜಧಾನಿಯ ಸೈಟು. ಹಕ್ಕನ ಬೇಟೆನಾಯಿಗಳನ್ನು ಒಂದು ಮೊಲ ತಿರುಗಿ ಅಟ್ಟಿಸಿಕೊಂಡು ಬಂತು, ವಿದ್ಯಾರಣ್ಯರು ಅಲ್ಲೇ ಊರು ಕಟ್ಟು ಎಂದರು. ಇದು ಇಲ್ಲಿ ಮಗುವಿಗೂ ಗೊತ್ತಿರುವ ಕಥೆ. ಸಮಿತಿ ಇಲ್ಲ, ಕಾರ್ಯಸಾಧ್ಯತಾ ವರದಿ ಇಲ್ಲ, ಒಂದು ಮೊಲದ ಮಾತು ನಂಬಿ ಎರಡು ಶತಮಾನ ಬಾಳಿದ ರಾಜಧಾನಿ ಎದ್ದಿತು. 1565ರ ಸೋಲಿನ ಮೇಲೆ ರಾಜಮನೆತನ ಪೆನುಕೊಂಡೆಗೆ ಗಂಟುಮೂಟೆ ಕಟ್ಟಿತು. ಹೊನ್ನು ಹೇರಿಕೊಂಡು ಹೋದ ಆನೆಗಳೇ 550 ಎಂದು ಇತಿಹಾಸಕಾರ ರಾಬರ್ಟ್ ಸೂಯೆಲ್ ಬರೆದ. ನಮ್ಮ ಅಳಿಯನ ಸಾಮಾನು ತರುವ ಪ್ಯಾಕರ್ಸ್‌ನವರು ಎರಡು ಲಾರಿಗೆ ಹೇಳಿದ ರೇಟು ನೋಡಿದರೆ ಆನೆಯೇ ಅಗ್ಗವಿರಬೇಕು.

ಹಂಪಿ ತಲುಪಿದೆವು. ಆಕೆ ರಥಬೀದಿಯ ಕಲ್ಲುಮಂಟಪಗಳ ಸಾಲು ನೋಡಿ, "ಇಲ್ಲಿ ಯಾಕೆ ಯಾರೂ ಇಲ್ಲ ಮಾವ? ಎಷ್ಟು ಚೆನ್ನಾಗಿದೆ ಲೊಕೇಶನ್ನು!" ಅಂದಳು.

ಇದ್ದರಮ್ಮಾ. 2011ರ ಜುಲೈ ಕೊನೆಯವರೆಗೂ ಇದ್ದರು. ಈ ಮಂಟಪಗಳಲ್ಲೇ ಅಡುಗೆ, ಬಾಣಂತನ, ಅಂಗಡಿ, ಸಾಲ ಎಲ್ಲ ನಡೆದಿತ್ತು. ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು, ನಡುವೆ ಅಪಾಯದ ಪಟ್ಟಿಗೂ ಹೋಗಿ ಬಂದಿತ್ತು. ಪರಂಪರೆ ಎಂದರೆ ಕಲ್ಲು; ಕಲ್ಲಿನಲ್ಲಿ ಬಾಳುವುದು ಒತ್ತುವರಿ. ಬುಲ್ಡೋಜರ್ ಬಂತು. ನೂರಾರು ಕುಟುಂಬಗಳು ಎದ್ದವು, ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು ಸುಪ್ರೀಂ ಕೋರ್ಟಿನವರೆಗೂ ಹೋಗಿ ಬಂದು 2020ರ ಮಾರ್ಚಿನಲ್ಲಿ ನೆಲಕ್ಕುರುಳಿದವು. ಈಗ ಇಲ್ಲಿ ಕಾಂಪೌಂಡ್ ಎಬ್ಬಿಸಲೂ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ಬಾಗಿಲು ತಟ್ಟಬೇಕು. ನಿನಗೆ ಬೇಕಾದ ಬಾಲ್ಕನಿಗೆ ಅನುಮತಿ ಸಿಗುವ ಹೊತ್ತಿಗೆ ಅದೇ ಒಂದು ಸ್ಮಾರಕವಾಗಿರುತ್ತದೆ.

ಆಕೆ ಕೊಂಚ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ವೀಕೆಂಡಿಗೆ ಬರಬಹುದು," ಅಂದಳು. ಹಂಪಿಯ ಕಾಲಂಗೆ ಗಂಡ 'ವೀಕೆಂಡ್ ಓನ್ಲಿ' ಎಂದು ಹಳದಿ ಬಣ್ಣ ತುಂಬಿದ. 50 ರೂಪಾಯಿ ನೋಟಿನ ಹಿಂದೆ ಕಲ್ಲಿನ ರಥವಿದೆ. ಹಂಪಿಯಲ್ಲಿ ಕಾಯಂ ವಸತಿಗೆ ಅನುಮತಿ ಬೇಕಿಲ್ಲದ್ದು ಅದೊಂದೇ. ಅದೂ ಗಾಲಿ ಇದ್ದರೂ ಅಲ್ಲಾಡದ್ದರಿಂದ.

ಸಂಡೂರಿಗೆ ಮರುದಿನ ಹೊರಟೆವು. ಅಳಿಯನ ಒಲವು ಅದರ ಕಡೆ. ಬೆಟ್ಟ, ಕಾಡು, ನಾರಿಹಳ್ಳದ ನೀರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಎಂದು ಗಾಂಧೀಜಿ ಹೇಳಿದ್ದರಂತೆ, ಇಲ್ಲಿಯವರು ಆ ಮಾತನ್ನು ಮನೆಯ ಒಡವೆಯಂತೆ ಕಾದಿಟ್ಟುಕೊಂಡಿದ್ದಾರೆ. ಗಾಂಧೀಜಿ ಬಂದದ್ದು 1934ರಲ್ಲಿ. ಘೋರ್ಪಡೆ ಅರಸರ ಪುಟ್ಟ ಸಂಸ್ಥಾನ ಅದು. ಕುಮಾರಸ್ವಾಮಿ ದೇವಸ್ಥಾನದ ಬಾಗಿಲನ್ನು ಹರಿಜನರಿಗೆ ಆಗಲೇ ತೆರೆದಿತ್ತು. ಉಳಿದ ಹನ್ನೊಂದು ತಿಂಗಳ ಸಂಡೂರಿನ ಬಗ್ಗೆ ಗಾಂಧೀಜಿ ಏನೂ ಹೇಳಿಲ್ಲ. ಪುಣ್ಯವಂತರು, ಅವರ ಕಾಲಕ್ಕೆ ಅದಿರು ಲಾರಿ ಇಷ್ಟಿರಲಿಲ್ಲ.

ದಾರಿ ರಾಯರ ಕೆರೆಯ ಏರಿಯ ಮೇಲೆಯೇ ಹೋಗುತ್ತದೆ. ಅಳಿಯ ಕಿಟಕಿ ಇಳಿಸಿ, "ಕೆರೆ ಎಲ್ಲಿ?" ಅಂದ. "ಇದೇ," ಎಂದೆ. ಕೆಳಗೆ ಹೊಲ, ಜಾಲಿ, ಅಲ್ಲಲ್ಲಿ ಗೂಟ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಈ ಏರಿ ಕಟ್ಟುವ ಜಾಗದಲ್ಲಿ ಹದಿನೈದಿಪ್ಪತ್ತು ಸಾವಿರ ಆಳುಗಳು ಇರುವೆಯಂತೆ ಮುತ್ತಿದ್ದನ್ನು ಕಂಡ. ಕಟ್ಟೆ ನಿಲ್ಲದೆ ನರಬಲಿ ಕೊಟ್ಟರೆಂದೂ ಬರೆದ. ಕೃಷ್ಣದೇವರಾಯ ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರ ಕಟ್ಟಿದ, ಅದೇ ನಮ್ಮ ಹೊಸಪೇಟೆ. ಕೆರೆಯ ನೀರು ಹಾಯುವ ಭೂಮಿಯನ್ನು ಜನ ಹಸನು ಮಾಡಿಕೊಳ್ಳಲಿ ಎಂದು ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಟ್ಟನಂತೆ. ಹಾಗೆಂದು ಕೆಲವು ವರ್ಷದ ಮೇಲೆ ಬಂದ ಇನ್ನೊಬ್ಬ ಪೋರ್ಚುಗೀಸ ನೂನಿಜ್ ದಾಖಲಿಸಿದ್ದಾನೆ. ಊರಿಗೆ ಬಂದು ನೆಲೆಸಿ ಎಂದು ರಾಜನೇ ಕೊಟ್ಟ ಆಫರು. ಈಗಿನ ಬಡಾವಣೆಯ ಕರಪತ್ರದಲ್ಲಿ ಒಂಬತ್ತು ವರ್ಷದ ಮಾತು ಬರುವುದು ಇಎಂಐ ಕಾಲಂನಲ್ಲಿ ಮಾತ್ರ.

ಘಾಟು ಹತ್ತಿದ ಮೇಲೆ ಅಳಿಯ ಖುಷಿಯಾದ. ನಿಜಕ್ಕೂ ಚೆಂದದ ಊರು, ನನ್ನ ತಕರಾರಿಲ್ಲ. ಲಂಬಾಣಿ ಹೆಣ್ಣುಮಕ್ಕಳ ಕಸೂತಿ ನೋಡಿ ಆಕೆಯೂ ಕರಗಿದಳು. ಬೆಟ್ಟದ ಮೇಲಿನ ಕುಮಾರಸ್ವಾಮಿಯ ಕಥೆ ಕೇಳಿ ಮಾತ್ರ ಇಬ್ಬರೂ ಪರಸ್ಪರ ಮುಖ ನೋಡಿಕೊಂಡರು. ತಾಯಿಯೊಡನೆ ಮುನಿಸಿಕೊಂಡು, ಕುಡಿದ ಹಾಲನ್ನೂ ಕಾರಿ, ಬಂದು ನೆಲೆಸಿದವನು ಅವನು. ಅದಕ್ಕೇ ಅಲ್ಲಿಯ ಮಣ್ಣು ವಿಭೂತಿಯಂತೆ ಬೆಳ್ಳಗೆ. ಸುಗ್ರೀವನಿಗೆ ಅಣ್ಣ ಬೇಡ, ಇವನಿಗೆ ಅಮ್ಮ ಬೇಡ. "ಅತ್ತೆ ಬರ್ತಾರಾ ನಮ್ಮ ಜೊತೆ?" ಎಂದು ಆಕೆ ಗಂಡನನ್ನು ಮೆಲ್ಲಗೆ ಕೇಳಿದ್ದು ಹಿಂದಿನ ಸೀಟಿನಲ್ಲಿದ್ದ ನನಗೆ ಕೇಳಿಸಿತು. ಅತ್ತೆ ಎಂದರೆ ನನ್ನ ತಂಗಿ. ನಾನು ನಾರಿಹಳ್ಳದ ಕಡೆ ಮುಖ ಮಾಡಿದೆ.

ಬಿಳಿ ವಿಭೂತಿ ಬೆಟ್ಟದ ಮೇಲಾಯಿತು. ಕೆಳಗೆ ಎಲ್ಲ ಕೆಂಪು. ಮರ ಕೆಂಪು, ನಾಯಿ ಕೆಂಪು, ಬಿಳಿ ಕಾರು ಸಂಜೆಗೆ ಕೆಂಪು. ಒಂದು ಮನೆ ನೋಡಿದೆವು. ವರಾಂಡದ ಕಟ್ಟೆಗೆ ಅಳಿಯ ಬೆರಳು ಎಳೆದು ನೋಡಿದ; ಕುಂಕುಮದಂತೆ ಮೆತ್ತಿಕೊಂಡಿತು. "ಇದು ಐರನ್ನು ಸಾರ್, ಮೈಗೆ ಒಳ್ಳೇದು," ಅಂದ ಬ್ರೋಕರು. ಈ ನಾಲ್ಕು ಊರಿನ ಬಾಡಿಗೆಯನ್ನು ಒಂದು ಕಾಲಕ್ಕೆ ಬೀಜಿಂಗಿನಲ್ಲಿ ನಿರ್ಧರಿಸುತ್ತಿದ್ದರು ಎಂದರೆ ಹೊರಗಿನವರು ನಗುತ್ತಾರೆ. 2008ರ ಒಲಿಂಪಿಕ್ಸಿಗೆ ಚೀನಾ ಸ್ಟೇಡಿಯಂ ಕಟ್ಟುತ್ತಿದ್ದಾಗ ನಮ್ಮ ಮಣ್ಣು ಚಿನ್ನವಾಯಿತು. ನಮ್ಮ ಓಣಿಯ ಮಾಲೀಕರು ತಿಂಗಳಿಗೊಮ್ಮೆ ಬಾಡಿಗೆ ಏರಿಸಿದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿ ನಿಲ್ಲಿಸಿತು. ಅದೇ ಮಾಲೀಕರು 'ಮನೆ ಬಾಡಿಗೆಗೆ ಇದೆ' ಬೋರ್ಡು ಬರೆಸಲು ಪೇಂಟರನ್ನು ಹುಡುಕಿದರು. ಹಂಪಿ ಬಜಾರಿನವರನ್ನು ಎಬ್ಬಿಸಿದ್ದೂ ಅದೇ ತಿಂಗಳು. ಒಂದೇ ಜುಲೈನಲ್ಲಿ ಗುಡ್ಡ ಅಗೆಯುವವರೂ ನಿಂತರು, ಮಂಟಪದಲ್ಲಿ ಇಡ್ಲಿ ಮಾರುವವರೂ ನಿಂತರು. ಆಮೇಲೆ ಗುಡ್ಡ ಅಗೆಯುವವರು ಹಂತ ಹಂತವಾಗಿ ವಾಪಸ್ ಬಂದರು.

"ಬೆಳಿಗ್ಗೆ ಆಫೀಸಿಗೆ ಎಷ್ಟು ಹೊತ್ತು?" ಅಂದ ಅಳಿಯ. ಮೂವತ್ತು ಕಿಲೋಮೀಟರ್ ಆಸುಪಾಸು. ಮುಂದೆ ಲಾರಿ ಸಿಗದಿದ್ದರೆ ಮುಕ್ಕಾಲು ಗಂಟೆ. ಲಾರಿ ಸಿಗದೇ ಇದ್ದ ದಿನ ನನಗೆ ನೆನಪಿಲ್ಲ.

ಇಲ್ಲಿ ಇನ್ನೊಂದು ತೊಡಕು. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆ. ತೆಪ್ಪ ಹತ್ತಿ ಹೊಳೆ ದಾಟಿದರೆ ಕೊಪ್ಪಳ ಜಿಲ್ಲೆ. ನೌಕರ ಒಂದು ಜಿಲ್ಲೆಯಲ್ಲಿ, ಮನೆ ಇನ್ನೊಂದರಲ್ಲಿ, ಪಡಿತರ ಚೀಟಿ ಮತ್ತೊಂದರಲ್ಲಿ. ಅಳಿಯ ಗಾಬರಿಯಾದ. ಅವನಿಗೆ ಹರಪನಹಳ್ಳಿಯ ಧೈರ್ಯ ಹೇಳಿದೆ. ಆ ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಹೋಯಿತು, ಇಪ್ಪತ್ತು ವರ್ಷದ ಮೇಲೆ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಸೇರಿತು. ಇದ್ದಲ್ಲಿಂದ ಅಂಗುಲ ಕದಲದೆ ಮೂರು ಸಲ ಮನೆ ಬದಲಿಸಿದ ತಾಲ್ಲೂಕು. ಪ್ಯಾಕರ್ಸ್ ಖರ್ಚು ಸೊನ್ನೆ; ಬದಲಾದದ್ದು ಕಚೇರಿಗಳ ಬೋರ್ಡು ಮಾತ್ರ.

ಕಂಪ್ಲಿಗೆ ಹೋದದ್ದು ನನ್ನ ಹಟಕ್ಕೆ. ಅವರ ಶೀಟಿನಲ್ಲಿ ಅದು ಕೊನೆಯ ಊರು. ಪಿಜ್ಜಾ ಸಾಲಿನಲ್ಲಿ ಸೊನ್ನೆ ಬಿದ್ದಿತ್ತು. ಭತ್ತದ ಗದ್ದೆಯ ಹಸಿರು, ಬಾಳೆ, ಹೊಳೆದಂಡೆ, ಮುರುಕಲು ಕೋಟೆ. ಆಚೆ ಗಂಗಾವತಿಗೆ ಸೇತುವೆ ಇದೆ. ಡ್ಯಾಮಿನಿಂದ ನೀರು ಜಾಸ್ತಿ ಬಿಟ್ಟ ದಿನ ಆ ಸೇತುವೆ ಮುಳುಗುತ್ತದೆ, ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ, ಜನ ನಿಂತು ಸೆಲ್ಫಿ ತೆಗೆಯುತ್ತಾರೆ.

ಆದರೆ ಮನೆ ಬಾಡಿಗೆಯ ಮಾತು ಬಂದರೆ ಕಂಪ್ಲಿಗೆ ಸಮನಾದ ಊರು ಭಾರತದಲ್ಲಿಲ್ಲ. ಕಂಪಿಲರಾಯ, ಗಂಡುಗಲಿ ಕುಮಾರರಾಮನ ಅಪ್ಪ. ಸಗರದ ಕಡೆ ಬಂಡೆದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪ್ ಓಡಿ ಬಂದು ಇವನ ಬಾಗಿಲು ತಟ್ಟಿದ. ಬೆನ್ನಿಗೆ ಬಿದ್ದವನು ಸಾಕ್ಷಾತ್ ಮಹಮ್ಮದ್ ಬಿನ್ ತುಘಲಕ್, ಬಂದವನ ಹತ್ತಿರದ ನೆಂಟ. ಒಪ್ಪಿಸಿದರೆ ರಾಜ್ಯ ಉಳಿಯುತ್ತದೆ. ಕಂಪಿಲರಾಯ ಒಪ್ಪಿಸಲಿಲ್ಲ. ದಂಡು ಬಂತು, 1327ರ ಹೊತ್ತಿಗೆ ರಾಜ್ಯ ಹೋಯಿತು, ರಾಯನೂ ಹೋದ. ಅದೇ ಕಾಲಕ್ಕೆ ದೆಹಲಿಯನ್ನೇ ಎತ್ತಿ ದೌಲತಾಬಾದಿಗೆ ಇಟ್ಟ ಮಹಾನುಭಾವ ಆ ತುಘಲಕ್. ವರ್ಗಾವಣೆ ಶಾಖೆಯ ಆದಿಪುರುಷ. ಬಂದವನು ಯಾವ ಜಾತಿ, ಯಾವ ಧರ್ಮ, ಅಡುಗೆ ಏನು ಎಂದು ಕೇಳದೆ ಬಾಗಿಲು ತೆಗೆದು, ಅವನಿಗಾಗಿ ಮನೆಯನ್ನೇ ಕಳೆದುಕೊಂಡ ಮಾಲೀಕ ಈ ಸೀಮೆಯಲ್ಲಿ ಆಗಿಹೋಗಿದ್ದಾನೆ ಎಂಬುದನ್ನು ಮರುದಿನ ಹೊಸಪೇಟೆಯಲ್ಲಿ ಮನೆ ನೋಡುವಾಗ ನಾನು ಪದೇ ಪದೇ ನೆನೆಸಿಕೊಳ್ಳಬೇಕಾಯಿತು.

ಮೊದಲನೆಯ ಮನೆ. ಮಾಲೀಕರು ಸೌಜನ್ಯದ ಮೂರ್ತಿ. ಚಹಾ ತರಿಸಿದರು.

"ಏನ್ ಕೆಲಸ್ರೀ?"

"ಸರ್ಕಾರಿ."

"ಬೇಷ್. ಊರು ಯಾವುದು?"

"ಬೆಂಗಳೂರು."

"ಅದಲ್ರೀ, ಮೂಲ. ಅದೂ ಹೋಗ್ಲಿ ಬಿಡ್ರಿ. ನಿಮ್ಮ ಮನೆದೇವ್ರು ಯಾರು?"

ಅಳಿಯ ಪಾಪ, ಕಕ್ಕಾಬಿಕ್ಕಿ. ಅವನ ಹದಿನೇಳು ಸಾಲಿನಲ್ಲಿ ಇದಿರಲಿಲ್ಲ. ಇದು ಭಕ್ತಿಯ ಪ್ರಶ್ನೆ ಎಂದು ತಿಳಿದ. "ನಾವು ಅಷ್ಟಾಗಿ ದೇವರನ್ನ ನಂಬಲ್ಲ ಸಾರ್," ಅಂದ. ಮಾಲೀಕರ ಮುಖ ಹಾಗೇ ಇತ್ತು, ನಗುವೂ ಹಾಗೇ ಇತ್ತು. "ನಮ್ಮ ಮಗಳು ಬರ್ತೀನಿ ಅಂದಾಳ್ರಿ, ಒಂದೆರಡು ದಿನ ಬಿಟ್ಟು ಹೇಳ್ತೀವಿ," ಅಂದರು. ಮಗಳು ಹೊಸಪೇಟೆಯ ಎಲ್ಲ ಖಾಲಿ ಮನೆಗಳಿಗೂ ಬರುತ್ತಾಳೆ. ಬೇಡದ ಬಾಡಿಗೆದಾರ ಬಂದ ದಿನವೇ ಅವಳ ಫೋನು ಬಂದಿರುತ್ತದೆ.

ಎರಡನೆಯ ಮನೆಯಲ್ಲಿ ಸೀದಾ ಅಡುಗೆಮನೆಗೆ ಕರೆದುಕೊಂಡು ಹೋದರು. ಗ್ರಾನೈಟು ಕಟ್ಟೆ, ಚಿಮಣಿ, ಎಲ್ಲ ಸೊಗಸು. "ಇಲ್ಲಿ ಏನೇನ್ ಬೇಯಿಸ್ತೀರಿ?" ಎಂದು ಆ ಅಮ್ಮ ಕೇಳಿದರು. ಬಾಡಿಗೆ ಕೊಡುವುದು ನಾವು, ಹಸಿವು ನಮ್ಮದು, ಪಟ್ಟಿ ಅವರದು. ನನಗೆ ನೂನಿಜ್ ನೆನಪಾದ. ವಿಜಯನಗರದ ಅರಸರು ದನದ ಮಾಂಸ ಒಂದನ್ನು ಬಿಟ್ಟು ಕುರಿ, ಹಂದಿ, ಜಿಂಕೆ, ಕೌಜುಗ, ಮೊಲ, ಪಾರಿವಾಳ ಎಲ್ಲ ತಿನ್ನುತ್ತಿದ್ದರು, ಅದೆಲ್ಲ ಪೇಟೆಯಲ್ಲೇ ಮಾರುತ್ತಿದ್ದರು ಎಂದು ಆತ ಬರೆದಿದ್ದಾನೆ. ರಾಜಧಾನಿಯ ಸೈಟು ಆರಿಸಿಕೊಟ್ಟ ಮೊಲದ ವಂಶಸ್ಥರೂ ಆ ಪಟ್ಟಿಯಲ್ಲಿದ್ದಾರೆ. ಊರಿನ ವೃತ್ತಕ್ಕೆ, ರಸ್ತೆಗೆ, ಬಡಾವಣೆಗೆ ಕೃಷ್ಣದೇವರಾಯನ ಹೆಸರಿಡುತ್ತೇವೆ. ಅವನೇ ಬಂದು ಈ ಓಣಿಯಲ್ಲಿ ಎರಡು ರೂಮಿನ ಮನೆ ಕೇಳಿದರೆ ಅವನಿಗೂ ಮಗಳ ಫೋನು ಬರುತ್ತಿತ್ತು.

ಹಳೆಯ ಊರಿನಲ್ಲಿ ಇಷ್ಟು ನಾಟಕವಿಲ್ಲ. ಅಲ್ಲಿ ಮ್ಯಾಸಕೇರಿ, ಉಕ್ಕಡಕೇರಿ, ತಳವಾರಕೇರಿ, ಬಾಣದಕೇರಿ ಎಂದು ಕೇರಿಗಳು. ಯಾರು ಎಲ್ಲಿ ಎಂಬುದು ಬಾಯಿಬಿಡದೆ ತಿಳಿಯುತ್ತದೆ. ಹೊಸ ಬಡಾವಣೆಗಳು ಬಂದಾಗ ಇದೆಲ್ಲ ಹೋಗುತ್ತದೆ ಎಂದುಕೊಂಡಿದ್ದೆವು. ಕೇರಿ ಹೋಯಿತು. 'ಮನೆದೇವ್ರು ಯಾರು' ಬಂತು.

ಮೂರನೆಯ ಮನೆಗೆ ಹೋಗುವಾಗ ಅಳಿಯ ದಣಿದಿದ್ದ. "ಇಷ್ಟು ಕಷ್ಟ ಯಾರಿಗೂ ಬರಬಾರದು ಮಾವಾ," ಅಂದ. ನಾನು ಕಾರನ್ನು ಡ್ಯಾಮಿನ ಕಡೆ ತಿರುಗಿಸಲು ಹೇಳಿದೆ. ಹಿನ್ನೀರು ತುಂಬಿ ನಿಂತಿತ್ತು. 1945ರಲ್ಲಿ ಕೆಲಸ ಶುರುವಾಗಿ 1953ರಲ್ಲಿ ನೀರು ನಿಂತ ಅಣೆಕಟ್ಟೆ. ಈ ನೀರಿನ ಕೆಳಗೆ 90ರಷ್ಟು ಹಳ್ಳಿಗಳಿವೆ. ಅವರಿಗೂ ಒಂದು ದಿನ ಮನೆ ಬದಲಿಸುವ ಕಾಗದ ಬಂದಿತ್ತು. ಶಾಲೆ, ಆಸ್ಪತ್ರೆ, ವೈಬ್ ಎಂದು ಯಾರೂ ಶೀಟು ಕೊಡಲಿಲ್ಲ. ನಾರಾಯಣದೇವರ ಕೆರೆ ಮುಳುಗಿತು, ಜನ ದೇವರನ್ನೂ ತೇರನ್ನೂ ಕರೆದುಕೊಂಡು ಮರಿಯಮ್ಮನಹಳ್ಳಿಗೆ ಬಂದರು. ಅಲ್ಲಿಯ ಮುದುಕರು ನನ್ನ ಚಿಕ್ಕಂದಿನಲ್ಲಿ ಬೇಸಗೆ ಬಂದು ನೀರು ಇಳಿದಾಗ ದಂಡೆಯ ಮೇಲೆ ನಿಂತು, ಅಗೋ ಅದು ನಮ್ಮ ಅಗಸಿ, ಇದು ನಮ್ಮ ಹುಣಸೆಮರ ಎಂದು ಬೆರಳು ಮಾಡುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಕೆಸರು.

ಅಳಿಯ ಕೆಳಗಿಳಿದು ನೋಡಿದ. "ಬ್ಯೂಟಿಫುಲ್," ಅಂದ. ಫೋಟೋ ತೆಗೆದ.

ಕೊನೆಗೆ ಮನೆ ಸಿಕ್ಕಿತು, ಅನಂತಶಯನಗುಡಿಯಲ್ಲಿ. ಮಾಲೀಕರು ಊರಲ್ಲಿರಲಿಲ್ಲ, ಹಾಗಾಗಿ ಮನೆದೇವರನ್ನು ಕೇಳುವವರಿರಲಿಲ್ಲ. ಹಂಪಿಗೆ ಹೋಗುವ ದಾರಿ, ಕಚೇರಿಗೆ ಹತ್ತು-ಹದಿನೈದು ನಿಮಿಷ. ರೈಲ್ವೆ ಗೇಟು ಹಾಕಿದ್ದರೆ ಎಷ್ಟು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಶಯನ ಎಂಬ ಮಾತಿನ ಅರ್ಥ ನಮಗೆಲ್ಲ ವರ್ಷಗಟ್ಟಲೆ ಆ ಗೇಟಿನ ಮುಂದೆ, ಅದಿರು ತುಂಬಿದ ಗೂಡ್ಸು ಒಂದೊಂದೇ ಡಬ್ಬಿ ಎಣಿಸಿಕೊಂಡು ಹೋಗುವಾಗ ಮನದಟ್ಟಾದದ್ದು. ನೀರಿನ ವಿಷಯವನ್ನೂ ಅವನು ಕೇಳಲಿಲ್ಲ. ಡ್ಯಾಂ ಕಣ್ಣಳತೆಯಲ್ಲಿದೆಯಲ್ಲ, ನಲ್ಲಿ ಇಪ್ಪತ್ತನಾಲ್ಕು ಗಂಟೆ ಎಂದು ಹತ್ತಕ್ಕೆ ಹತ್ತು ಹಾಕಿಕೊಂಡಿದ್ದ. ಸಂಪಿನ ಮುಚ್ಚಳವನ್ನು 'ಯಾಕೆ ಇಷ್ಟು ದೊಡ್ಡದು' ಎಂದು ಆಕೆ ಮಾತ್ರ ಅನುಮಾನದಿಂದ ನೋಡಿದಳು.

ಊರಿಗೆ ಆ ಹೆಸರು ಕೊಟ್ಟ ಗುಡಿಯನ್ನೂ ತೋರಿಸಿದೆ. 1524ರಲ್ಲಿ ಕೃಷ್ಣದೇವರಾಯ ಮಗನ ಹೆಸರಿನ ಪುರ ಕಟ್ಟಿ ಎತ್ತಿಸಿದ ಗುಡಿ. ಮೇಲೆ ಆನೆಯ ಬೆನ್ನಿನಂಥ ದುಂಡು ಶಿಖರ, ಒಳಗೆ ದೇವರು ಕಾಲು ಚಾಚಿ ಮಲಗಲೆಂದು ಅಷ್ಟುದ್ದದ ಪೀಠ. ಪೀಠದ ಮೇಲೆ ಯಾರೂ ಇಲ್ಲ. ಕಥೆ ಹೇಳುವವರು ಹೇಳುತ್ತಾರೆ: ದೇವರು ಬರಲು ಒಪ್ಪಿದ್ದ, ತಿರುಗಿ ನೋಡಬೇಡ ಎಂಬ ಷರತ್ತಿನ ಮೇಲೆ ರಾಯನ ಹಿಂದೆ ನಡೆದೂ ಬರುತ್ತಿದ್ದ, ಹೂವಿನಹಡಗಲಿ ಸೀಮೆಯ ಹೊಳಲಿನ ಹತ್ತಿರ ರಾಯ ಅನುಮಾನ ತಾಳಲಾರದೆ ತಿರುಗಿ ನೋಡಿದ, ದೇವರು ಅಲ್ಲೇ ಮಲಗಿಬಿಟ್ಟ. ಈಗಲೂ ಹೊಳಲಿನಲ್ಲೇ ಮಲಗಿದ್ದಾನೆ. ಇಲ್ಲಿ ಅವನ ಅಳತೆಗೆ ಕಟ್ಟಿಸಿದ ಮನೆ ಐನೂರು ವರ್ಷದಿಂದ ಗೃಹಪ್ರವೇಶಕ್ಕೆ ಕಾಯುತ್ತಿದೆ.

"ಹೊಳಲಿನಲ್ಲಿ ಏನಿತ್ತು ಅಂಥದ್ದು?" ಅಂದ ಅಳಿಯ.

ದೇವರಿಗೂ ಒಂದು ಶೀಟು ಇದ್ದಿರಬೇಕು.

ಹಾಲುಕ್ಕಿಸಿದರು. ನಾನೇ ತೆಂಗಿನಕಾಯಿ ಒಡೆದೆ. ಮಂಚ, ಫ್ರಿಜ್ಜು, ಬುಕ್‌ಶೆಲ್ಫು ಬಂದವು. ಮಗುವಿನ ಶಾಲೆ ನಡುವರ್ಷದಲ್ಲಿ ಬದಲಿಸುವುದು ಬೇಡವೆಂದು ಆಕೆ ಬೆಂಗಳೂರಲ್ಲೇ ಉಳಿದಳು. ಅಳಿಯ ಸೋಮವಾರ ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್ಸಿನಿಂದ ಇಳಿದು, ಶುಕ್ರವಾರ ರಾತ್ರಿ ಅದನ್ನೇ ಹತ್ತುತ್ತಿದ್ದ. ಆಮೇಲೆ ಇಳಿಯುವುದು ಮಂಗಳವಾರ, ಹತ್ತುವುದು ಗುರುವಾರ ಆಯಿತು. ಮೂರನೆಯ ತಿಂಗಳು 'ನಿಯೋಜನೆ' ಎಂಬ ಹೂವಿನ ರಥ ಬಂತು: ಹುದ್ದೆ ಹೊಸಪೇಟೆಯಲ್ಲಿ, ಸಂಬಳ ಹೊಸಪೇಟೆಯ ಲೆಕ್ಕದಲ್ಲಿ, ಕುರ್ಚಿ ಬೆಂಗಳೂರಲ್ಲಿ. ಕಲ್ಯಾಣ ಕರ್ನಾಟಕದ ಖಾಲಿ ಹುದ್ದೆಗಳ ಬಗ್ಗೆ ಭಾಷಣ ಮಾಡುವವರು ತುಂಬಿದ ಹುದ್ದೆಗಳ ಖಾಲಿ ಕುರ್ಚಿಯನ್ನು ಒಮ್ಮೆ ಎಣಿಸಬೇಕು. ಈ ಭಾಗದವರಿಗೆ ಮೀಸಲಾತಿ ಕೊಡುವ 371(ಜೆ) ವಿಧಿಯ ಪ್ರಮಾಣಪತ್ರ ಮಾತ್ರ ಇಲ್ಲಿಯದೇ ಬೇಕು, ಮನೆಯ ಪಿನ್‌ಕೋಡ್ ಬೆಂಗಳೂರಿನ 56ರಿಂದ ಶುರುವಾದರೆ ಸಾಕು ಎನ್ನುವವರು ನಮ್ಮ ಬಂಧುಬಳಗದಲ್ಲೇ ಏಳೆಂಟು ಮಂದಿ ಇದ್ದಾರೆ.

ಬೀಗದ ಕೈ ನನ್ನ ಹತ್ತಿರ ಇದೆ. ನಲ್ಲಿಗೆ ನೀರು ಬಿಟ್ಟ ದಿನ ಹೋಗಿ ಸಂಪು ತುಂಬಿಸಿ, ಪೀಠದಷ್ಟು ಉದ್ದದ ಅವರ ಸೋಫಾದ ಧೂಳು ಒರೆಸಿ ಬರುತ್ತೇನೆ. ಮಾಲೀಕರು ಒಂದು ದಿನ ಎದುರಾದರು. "ನಿಮ್ಮ ಅಳಿಯಂದಿರ ಹಂಗ ಬಾಡಿಗಿದಾರ್ರು ಸಿಗೂದಿಲ್ರಿ. ತಿಂಗಳಾ ತಿಂಗಳಾ ರೊಕ್ಕ ಬರ್ತೈತಿ, ಮನ್ಷಾರ ಬರೂದಿಲ್ಲ," ಎಂದು ಕೈಮುಗಿದರು.

ಮೊನ್ನೆ ಅಳಿಯನ ನಾಲ್ಕನೆಯ ಫೋನು ಬಂತು. ಅದಕ್ಕೂ ಮೊದಲೇ ಹೊಸ ಶೀಟು ಬಂದಿತ್ತು. ಊರುಗಳು ಅವೇ ನಾಲ್ಕು, ಹದಿನೇಳು ಸಾಲು ಹೋಗಿ ಎರಡೇ ಉಳಿದಿದ್ದವು: ಈಗಿನ ದರ, ಐದು ವರ್ಷದ ನಂತರದ ದರ.

"ಮಾವಾ, ಅಲ್ಲೊಂದು ಸೈಟು ತಗೊಂಡ್ರೆ ಹೇಗೆ?"

"ಎಲ್ಲಿ ಇರ್ಬೇಕು ಅಂತ ಇದ್ದೀಯೋ?"

"ಅಯ್ಯೋ, ಇರೋದಕ್ಕಲ್ಲ ಮಾವಾ."